‘ಹಸುರು’ ಎಂಬ ವಿಶೇಷಣ



ವಿಶೇಷಣವು ವಿಶೇಷ್ಯದ ಗುಣವನ್ನು ತಿಳಿಸತಕ್ಕದ್ದೆಂದು ನಾನು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ‘ಹಸುರು ಗದ್ದೆ’ ಎಂದರೆ ಗದ್ದೆ ಹಸುರಾಗಿರಬೇಕು. ಈಚೆಗೆ ‘ಹಸುರು ಬೆಳವಣಿಗೆ’, ‘ಹಸುರು ವಿದ್ಯುತ್ತು’ ಎಂಬ ಮಾತುಗಳು ಬಳಕೆಗೆ ಬಂದಿವೆ. ಈ ವಿಶೇಷಣವನ್ನು ಕೊಡುವವರು ಯಾರು, ಪಡೆದವರಿಗೆ ಲಭಿಸುವುದೇನು ಎಂಬುದನ್ನು ಇಂದು ವಿಚಾರಿಸೋಣ.

ಬಂಟ್ವಾಳ ತಾಲೂಕಿನ ಶಂಭೂರಿನಲ್ಲಿ ನೇತ್ರಾವತಿಗೆ ಅಡ್ಡಲಾಗಿ ಖಾಸಗಿ ಕಂಪೆನಿಯ ಜಲವಿದ್ಯುತ್ ಅಣೆಕಟ್ಟೊಂದಿದೆ. ಬೇಸಗೆಯಲ್ಲಿ ತುಂಬೆಯ ಕಟ್ಟ ಬತ್ತುತ್ತ ಬಂದಾಗ ಮಂಗಳೂರಿನವರ ಕುಡಿಯುವ ನೀರಿಗೆ ಶಂಭೂರಿನ ಕಡೆಗೇ ನೋಡಬೇಕಾಗುತ್ತದೆ. 2016ರ ಅಭಾವವನ್ನು ಯಾರೂ ಮರೆತಿರಲಾರರು. ಹೊಳೆ ಎಲ್ಲರದು; ಬಾಗಿಲಿನ ಕೀಲಿ ಮಾತ್ರ ಒಬ್ಬರ ಕೈಯಲ್ಲಿ.

ನಮ್ಮ ದೇಶದಲ್ಲಿ 25 ಮೆಗಾವಾಟಿನವರೆಗಿನ ಜಲವಿದ್ಯುತ್ ಯೋಜನೆಯನ್ನು ‘ಕಿರು’ ಯೋಜನೆಯೆನ್ನುತ್ತಾರೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 25ಕ್ಕಿಂತ ಕೆಳಗಿನವುಗಳಿಗೆ ಪರಿಣಾಮದ ಅಧ್ಯಯನವೂ ಬೇಡ, ಸಾರ್ವಜನಿಕ ಅಹವಾಲೂ ಬೇಡ. ಘಟ್ಟದ ಹೊಳೆಗಳ ಹಲವು ಯೋಜನೆಗಳು 24, 24.75 ಎಂಬ ಅಂಕೆಗಳಲ್ಲಿಯೇ ನಿಂತುಕೊಂಡಿರುವುದು ಏತಕ್ಕೆಂದು ಈಗ ನೀವೇ ಊಹಿಸಬಹುದು. ಇದರ ಮೇಲೆ ಕ್ಯೋಟೋ ಒಪ್ಪಂದದನ್ವಯ ಇಂಥ ವಿದ್ಯುತ್ತಿಗೆ ಕಾರ್ಬನ್ ಪ್ರಮಾಣಪತ್ರಗಳೂ ದೊರೆಯುತ್ತಿದ್ದವು. ಅವನ್ನು ಕೊಂಡ ಪರದೇಶದ ಕಾರ್ಖಾನೆ ತನ್ನ ಹೊಗೆಯನ್ನು ಅಷ್ಟರಮಟ್ಟಿಗೆ ಮುಂದುವರಿಸಬಹುದಾಗಿತ್ತು.

ಹಾಗಾದರೆ ಕಲ್ಲಿದ್ದಲೇ ಲೇಸೆ? ಖಂಡಿತ ಅಲ್ಲ. ಮೂಡುಬಿದಿರೆಯ ಸಮೀಪದ ನಿಡ್ಡೋಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರದ ಪ್ರಸ್ತಾವ 2013ರ ಸುಮಾರಿಗೆ ಬಂದಾಗ ಊರವರು ಒಟ್ಟಾಗಿ ವಿರೋಧಿಸಿದರು, ಸ್ಥಾವರ ಬರಲಿಲ್ಲ. ಕಲ್ಲಿದ್ದಲಿನ ಕಪ್ಪು ಎಲ್ಲರ ಕಣ್ಣಿಗೂ ಕಾಣುವಂಥದು. ಹಸುರು ಹೆಸರಿನ ಯೋಜನೆಯನ್ನು ಪ್ರಶ್ನಿಸಿದವನಾದರೋ ಭೂಮಿಗೇ ವೈರಿಯೆನಿಸಿಕೊಳ್ಳುತ್ತಾನೆ.

ಹೊರಗಣ ಪ್ರಪಂಚದಲ್ಲಿಯೂ ಇದೇ ಕತೆ. 1989ರಲ್ಲಿ ತೈಲ, ಕಲ್ಲಿದ್ದಲು, ಮೋಟಾರು ಉದ್ಯಮಗಳವರು ‘ಗ್ಲೋಬಲ್ ಕ್ಲೈಮೇಟ್ ಕೋಯಲಿಷನ್’ ಎಂಬ ಕೂಟ ಕಟ್ಟಿ ಹೊಗೆಗೆ ಮಿತಿ ಹಾಕುವ ಕಾನೂನುಗಳನ್ನು ವಿರೋಧಿಸಿದರು. 2002ರಲ್ಲಿ ಅದು ವಿಸರ್ಜನೆಯಾಯಿತು. 2023ರ ದುಬೈ ಹವಾಮಾನ ಸಮ್ಮೇಳನಕ್ಕೆ ಅಧ್ಯಕ್ಷರಾದವರು ಅಬುಧಾಬಿಯ ತೈಲ ಕಂಪೆನಿಯ ಮುಖ್ಯಸ್ಥರೇ. ಹಿಂದೆ ಬಾಗಿಲ ಹೊರಗೆ ನಿಂತು ಬೇಡವೆನ್ನುತ್ತಿದ್ದವರು ಈಗ ಒಳಗೆ ಪೀಠದಲ್ಲಿ ಕುಳಿತಿದ್ದಾರೆ.

ಇನ್ನು ಅಧ್ಯಯನ ನಡೆಯುವ ದೊಡ್ಡ ಯೋಜನೆಗಳಲ್ಲಿಯೂ ವರದಿಯನ್ನು ಬರೆಯಿಸುವವರು, ಬರೆದವರಿಗೆ ಸಂಭಾವನೆ ಕೊಡುವವರು, ಯೋಜನೆಯ ಒಡೆಯರೇ. ಪರೀಕ್ಷೆಗೆ ಕುಳಿತ ಹುಡುಗನೇ ಮೌಲ್ಯಮಾಪಕರಿಗೆ ಸಂಬಳ ಕೊಡುವಂತಾದರೆ ಯಾವ ಶಾಲೆ ಉಳಿದೀತು?

ಭಾಷೆಯ ಸಂಗತಿಯೂ ಇದೆ. 2020ರಲ್ಲಿ ಈ ಅಧಿಸೂಚನೆಯನ್ನು ಬದಲಿಸುವ ಕರಡು ಹೊರಟಾಗ ಅದು ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರವಿತ್ತು. ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸಬೇಕೆಂದು ಜೂನ್ 30ರಂದು ದೆಹಲಿ ಉಚ್ಚ ನ್ಯಾಯಾಲಯ ಆಜ್ಞಾಪಿಸಿತು. ಸರಕಾರ ಅದರ ಮೇಲೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಬೆಳ್ತಂಗಡಿಯ ಕೃಷಿಕ ತನ್ನ ಹೊಳೆಯ ಭವಿಷ್ಯವನ್ನು ತನ್ನ ನುಡಿಯಲ್ಲಿ ಓದಬೇಕೆಂಬುದು ಅತ್ಯಾಶೆಯಲ್ಲ.

ಅದೇ ಬೆಳ್ತಂಗಡಿಯಲ್ಲಿ 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಗುಡ್ಡಗಳು ಜರಿದು, ಮೃತ್ಯುಂಜಯಾ ಹೊಳೆ ತೋಟಗಳ ಮೇಲೆಯೇ ಹರಿಯಿತು. ಬಿಸಿಯೇರುತ್ತಿರುವ ಲೋಕದಲ್ಲಿ ಅಂಥ ಮಳೆ ಹೆಚ್ಚುವುದೆಂದು ವಿಜ್ಞಾನಿಗಳು ಹೇಳುತ್ತಾರೆ. ಆದುದರಿಂದಲೇ ನಮಗೆ ನಿಜವಾದ ಹಸುರು ಬೇಕು. ಹೆಸರಿನ ಹಸುರು ಸಾಲದು.

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ ಗ್ರಂಥದ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದುದರಿಂದಲೇ ವಿದ್ವಾಂಸರಿಗೆ ಅದರ ಪಾಠ ದೊರೆಯಿತು. ನಾವೂ ಮೂಲಪಾಠವನ್ನು ಕೇಳಿ ಪಡೆಯೋಣ. ನಿಮ್ಮ ಊರಿಗೆ ಹಸುರು ಹೆಸರಿನ ಯೋಜನೆಯೊಂದು ಬಂದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರು ಮಾತು ಕೇಳಿರಿ: ವರದಿ ಬರೆದವರಿಗೆ ಹಣ ಕೊಟ್ಟವರಾರು? ಅದು ಕನ್ನಡದಲ್ಲಿದೆಯೇ? ಬೇಸಗೆಯಲ್ಲಿ ನೀರು ಮೊದಲು ಯಾರಿಗೆ? ಉತ್ತರ ಸರಿಯಾಗಿದ್ದರೆ ಆ ವಿಶೇಷಣವನ್ನು ನಾವೇ ಸಂತೋಷದಿಂದ ಕೊಡೋಣ.