ಎದುರು ಬಣದ ನ್ಯಾಯಮೂರ್ತಿ

(ಮಟ್ಟಾಂಚೇರಿಯಲ್ಲಿ ಮಾಡಿದ ಭಾಷಣದ ಬರಹರೂಪ)



ವೃತ್ತಿಯಿಂದ ನಾನು ವಕೀಲ. ಹೆಚ್ಚಾಗಿ ಮಾಲೀಕರ ಪರವಾಗಿ ವಾದಿಸಿದವನು. ರಾಜಕೀಯದಲ್ಲಿ ಎಡಪಂಥದ ವಿರೋಧಿ. ಇವೆರಡನ್ನೂ ಬಲ್ಲ ನೀವು, ಇಂದಿನ ನನ್ನ ವಿಷಯ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಎಂದು ತಿಳಿದಾಗ ಹುಬ್ಬೇರಿಸಿದ್ದರೆ ಅದು ಸಹಜವೇ. ಅವರ ಆರ್ಥಿಕ ವಿಚಾರಗಳನ್ನು ನಾನು ಇಂದಿಗೂ ಒಪ್ಪಿದವನಲ್ಲ. ಆದರೆ ಒಪ್ಪದಿರುವುದು ಬೇರೆ, ಗೌರವಿಸದಿರುವುದು ಬೇರೆ.

1915ರಲ್ಲಿ ಪಾಲಕ್ಕಾಡಿನ ತಮಿಳು ಮನೆತನದಲ್ಲಿ ಹುಟ್ಟಿದ ಅವರು ತಲಶ್ಶೇರಿಯಲ್ಲಿ ರೈತರ, ಕಾರ್ಮಿಕರ ಮೊಕದ್ದಮೆಗಳನ್ನು ನಡೆಸಿ ಹೆಸರಾದವರು. 1957ರಲ್ಲಿ ಕಮ್ಯುನಿಸ್ಟರ ಬೆಂಬಲದಿಂದ ಸ್ವತಂತ್ರ ಅಭ್ಯರ್ಥಿಯಾಗಿ ಗೆದ್ದು, ತಿರುವನಂತಪುರದಲ್ಲಿ ಇ. ಎಂ. ಎಸ್. ಅವರ ಸಂಪುಟದಲ್ಲಿ ಕಾನೂನು ಮಂತ್ರಿಯಾದರು. 1959ರ ಜುಲೈ 31ರಂದು ಕೇಂದ್ರವು ಆ ಸರ್ಕಾರವನ್ನು ವಜಾಗೊಳಿಸಿತು. 1968ರಲ್ಲಿ ಎರ್ಣಾಕುಳಂನ ಹೈಕೋರ್ಟಿಗೆ, 1973ರಲ್ಲಿ ಸುಪ್ರೀಂ ಕೋರ್ಟಿಗೆ ಅವರು ನ್ಯಾಯಾಧೀಶರಾಗಿ ನೇಮಕಗೊಂಡರು.

ಈ ಕೊನೆಯ ನೇಮಕವನ್ನು ವಿರೋಧಿಸಿ ಮುಂಬಯಿಯ ಕೆಲವು ವಕೀಲರು ಮನವಿ ಸಲ್ಲಿಸಿದರು. ಮಂತ್ರಿಯಾಗಿದ್ದವನು ನಿಷ್ಪಕ್ಷಪಾತಿಯಾಗಬಲ್ಲನೇ ಎಂಬುದು ಅಂದಿನ ಶಂಕೆ. ಸಹಿ ಹಾಕಿದವರಲ್ಲಿ ಸೋಲಿ ಸೊರಾಬ್ಜಿ ಒಬ್ಬರು. ಅದೇ ಸೊರಾಬ್ಜಿಯವರು ಮುಂದೆ, ತಮ್ಮ ಆ ವಿರೋಧ ಸರಿಯಾಗಿರಲಿಲ್ಲವೆಂದು ಬಹಿರಂಗವಾಗಿಯೇ ಹೇಳಿದರು. ನ್ಯಾಯಪೀಠದ ಕೆಲಸವನ್ನು ವರ್ಷಗಟ್ಟಲೆ ಕಂಡ ವಕೀಲನ ಮಾತು ಅದು.

ಆ ಶಂಕೆಗೆ ದೊಡ್ಡ ಉತ್ತರ ದೊರೆತದ್ದು 1975ರ ಜೂನ್ 24ರಂದು. ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಲಹಾಬಾದ್ ಹೈಕೋರ್ಟ್ ಅಸಿಂಧುಗೊಳಿಸಿತ್ತು. ರಜಾಕಾಲದ ನ್ಯಾಯಾಧೀಶರಾಗಿ ಕೃಷ್ಣ ಅಯ್ಯರ್ ಒಬ್ಬರೇ ಕುಳಿತಿದ್ದರು. ಪ್ರಧಾನಿಯ ಪರವಾಗಿ ನಾನಿ ಪಾಲ್ಕಿವಾಲಾ ಬೇಷರತ್ತಾದ ತಡೆಯಾಜ್ಞೆಯನ್ನು ಕೇಳಿದರು. ಕೃಷ್ಣ ಅಯ್ಯರ್ ಕೊಟ್ಟದ್ದು ಷರತ್ತಿನ ತಡೆ: ಪ್ರಧಾನಿಯಾಗಿ ಮುಂದುವರಿಯಬಹುದು, ಸದನಕ್ಕೆ ಹೋಗಬಹುದು, ಆದರೆ ಸದಸ್ಯೆಯಾಗಿ ಮತ ಹಾಕುವಂತಿಲ್ಲ. ಮರುದಿನ ರಾತ್ರಿ ತುರ್ತುಪರಿಸ್ಥಿತಿ ಬಂತು. ತಮ್ಮನ್ನು ನೇಮಿಸಿದ ಸರ್ಕಾರದ ಋಣವನ್ನು ಅವರು ತೀರ್ಪಿನಲ್ಲಿ ತೀರಿಸಲಿಲ್ಲ ಎಂಬುದೇ ನನಗೆ ಮುಖ್ಯ.

ಅವರ ತೀರ್ಪುಗಳ ಬಿಸಿ ಕನ್ನಡನಾಡಿಗೂ ತಟ್ಟಿದೆ. 1978ರ ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ ‘ಉದ್ಯಮ’ ಎಂಬ ಪದವನ್ನು ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳವರೆಗೂ ಅವರು ವಿಸ್ತರಿಸಿದರು. ಮಾಲೀಕರ ವಕೀಲನಿಗೆ ಆ ತೀರ್ಪು ದಾರಿಗಡ್ಡವಾದ ಬಂಡೆ. ಆದರೂ ಅದನ್ನು ಓದುವಾಗ, ವಾದವನ್ನು ಮುಚ್ಚಿಡದೆ ಎದುರಿಗಿಟ್ಟು ‘ಬೇಕಾದರೆ ಖಂಡಿಸು’ ಎನ್ನುವ ಮನುಷ್ಯ ಕಾಣುತ್ತಾನೆ. ಅಂಥ ಎದುರಾಳಿ ನಮ್ಮ ವೃತ್ತಿಗೆ ಭಾಗ್ಯ.

ಇನ್ನೊಂದು ಪ್ರಕರಣವೂ ಕರ್ನಾಟಕದ್ದೇ. ರಾಜ್ಯವು ಕಾಂಟ್ರಾಕ್ಟ್ ಬಸ್ಸುಗಳನ್ನು ವಶಪಡಿಸಿಕೊಂಡ ಕಾಯಿದೆಯನ್ನು ಕುರಿತ 1977ರ ರಂಗನಾಥ ರೆಡ್ಡಿ ಮೊಕದ್ದಮೆ. ಖಾಸಗಿ ಸ್ವತ್ತೂ ಸಮುದಾಯದ ಸಂಪನ್ಮೂಲವೇ ಎಂದು ಅವರು ಅಲ್ಲಿ ಬರೆದರು. 2024ರ ನವೆಂಬರ್ 5ರಂದು ಒಂಬತ್ತು ನ್ಯಾಯಾಧೀಶರ ಪೀಠದ ಬಹುಮತ ಆ ವಿಚಾರವನ್ನು ಒಪ್ಪಲಿಲ್ಲ. ನಾನೂ ಒಪ್ಪುವವನಲ್ಲ. ಪೀಠದಲ್ಲಿದ್ದ ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರೂ ಎಲ್ಲ ಖಾಸಗಿ ಸ್ವತ್ತು ಅದರಡಿ ಬರುವುದಿಲ್ಲವೆಂದೇ ಹೇಳಿದರು. ಆದರೆ ಮುಖ್ಯ ನ್ಯಾಯಮೂರ್ತಿಗಳು ಕೃಷ್ಣ ಅಯ್ಯರ್ ಅವರ ಬಗ್ಗೆ ಆಡಿದ ಟೀಕೆ ಅನಗತ್ಯವೆಂದು ತಮ್ಮ ಪ್ರತ್ಯೇಕ ತೀರ್ಪಿನಲ್ಲಿ ಆಕ್ಷೇಪಿಸಿದರು. ವಿಚಾರವನ್ನು ಬಿಟ್ಟುಕೊಟ್ಟು ವ್ಯಕ್ತಿಯ ಮಾನವನ್ನು ಕಾಯುವುದು ಎಂದರೆ ಇದೇ.

ಪರನಾಡಿನಲ್ಲಿ ನೆಲೆಸಿದ ನಮಗೆ ಇದರಲ್ಲಿ ವಿಶೇಷವಾದ ಪಾಠವಿದೆ. ಕೇರಳದಲ್ಲಿ ಪಕ್ಷವಿಲ್ಲದ ಮನೆ ಅಪರೂಪ. ನಮ್ಮ ಸಂಘದಲ್ಲಿಯೂ ಎಲ್ಲ ಬಣ್ಣದವರಿದ್ದಾರೆ. ಚುನಾವಣೆ ಬಂದಾಗ ಜಗಳವಾಡೋಣ, ಬಿರುಸಾಗಿಯೇ ಆಡೋಣ. ಆದರೆ ವ್ಯಾಪಾರಿಯನ್ನು ತಕ್ಕಡಿಯಿಂದ, ಅಧ್ಯಾಪಕನನ್ನು ಪಾಠದಿಂದ, ನ್ಯಾಯಾಧೀಶನನ್ನು ತೀರ್ಪಿನಿಂದ ಅಳೆಯೋಣ, ಬಾವುಟದಿಂದಲ್ಲ.