ಬಚ್ಚಲುಮನೆಯಿಂದ ಪ್ರಯೋಗಾಲಯಕ್ಕೆ



ಹಂಡೆಯ ಬಿಸಿನೀರು ನಾಲ್ಕಾರು ಚೊಂಬು ತಲೆಗೆ ಬೀಳುತ್ತಿದ್ದಂತೆ ಹುಡುಗನ ದೃಷ್ಟಿ ನೆಟ್ಟುಹೋಗುತ್ತದೆ. ಕೈಯಿಂದ ಚೊಂಬು ಜಾರುತ್ತದೆ. ಮನೆಯವರು ಬಚ್ಚಲಿಗೆ ಓಡುತ್ತಾರೆ. ದೆವ್ವದ ಕಾಟವಲ್ಲ, ಇದು ‘ಬಿಸಿನೀರಿನ ಮೂರ್ಛೆ’. ಬೇರೆ ದೇಶಗಳಲ್ಲಿ ಅಪರೂಪವಾದ ಈ ಕಾಯಿಲೆ ದಕ್ಷಿಣ ಕರ್ನಾಟಕಕ್ಕೆ ಚಿರಪರಿಚಿತ.

ಇದು ಯಾರ ವಿಷಯ? ಮೂರ್ಛೆಯಾದ್ದರಿಂದ ನರವೈದ್ಯರದು. ಆದರೆ ಕೆಲವು ಮಕ್ಕಳು ಆ ಅನುಭವ ಹಿತವೆನಿಸಿ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಆಗ ಮನೋವೈದ್ಯರೂ ಬೇಕು. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಬಂದರೆ ವಂಶವಾಹಿ ತಜ್ಞರನ್ನು ಕೇಳಬೇಕು.

ಇಂಥವರೆಲ್ಲ ಒಂದೆಡೆ ಕೂಡಲು ಬೆಂಗಳೂರಿನಲ್ಲಿ ನೆಲೆ ಸಿದ್ಧವಾಗಿತ್ತು. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹಾಗೂ ಜನರ ಬಾಯಲ್ಲಿ ‘ಹುಚ್ಚಾಸ್ಪತ್ರೆ’ಯಾಗಿದ್ದ ಸರ್ಕಾರಿ ಮಾನಸಿಕ ಆಸ್ಪತ್ರೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಹುಟ್ಟಿತು. ಮೊದಲ ನಿರ್ದೇಶಕರು ನರಶಸ್ತ್ರವೈದ್ಯ ಡಾ. ಆರ್. ಮಾರ್ತಾಂಡ ವರ್ಮ. ಮನೋವೈದ್ಯ, ಮನಶ್ಶಾಸ್ತ್ರಜ್ಞ, ಸಮಾಜ ಕಾರ್ಯಕರ್ತ, ನರವೈದ್ಯ, ರೋಗಶಾಸ್ತ್ರಜ್ಞ, ಸಂಖ್ಯಾಶಾಸ್ತ್ರಜ್ಞ ಎಲ್ಲರೂ ಒಂದೇ ಆವರಣಕ್ಕೆ ಬಂದರು. 1994ರಲ್ಲಿ ಅದು ಪರಿಗಣಿತ ವಿಶ್ವವಿದ್ಯಾಲಯವಾಯಿತು.

ಆದರೆ ಕಟ್ಟಡಗಳು ಅಕ್ಕಪಕ್ಕದಲ್ಲಿದ್ದ ಮಾತ್ರಕ್ಕೆ ವಿದ್ವಾಂಸರು ಒಂದಾಗುವುದಿಲ್ಲ. ಅವರನ್ನು ಕೂಡಿಸಲು ಒಂದು ಪ್ರಶ್ನೆ ಬೇಕು. ಬಿಸಿನೀರಿನ ಮೂರ್ಛೆ ಅಂಥ ಪ್ರಶ್ನೆಯಾಯಿತು. 1968ರಲ್ಲೇ ಬೆಂಗಳೂರಿನ ನರವೈದ್ಯ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಇದರ ಬಗ್ಗೆ ಪ್ರಾಥಮಿಕ ವರದಿ ಬರೆದಿದ್ದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಹೋದ್ಯೋಗಿಗಳು 279 ರೋಗಿಗಳ ಅಧ್ಯಯನ ಪ್ರಕಟಿಸಿದರು. 1996ರಲ್ಲಿ ಇಲಿಗಳ ಮೇಲಿನ ಪ್ರಯೋಗದ ವರದಿ ಬಂತು. ಅದರಲ್ಲಿ ನರರೋಗಶಾಸ್ತ್ರಜ್ಞ ಡಾ. ಎಸ್.ಕೆ. ಶಂಕರ್ ಜೊತೆಗೂಡಿದ್ದರು. 2009ರಲ್ಲಿ ಜವಾಹರಲಾಲ್ ನೆಹರು ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದ ತಜ್ಞರೊಡನೆ ಸೇರಿ, ಕಾಯಿಲೆಗೆ ನಂಟಿರುವ ವರ್ಣತಂತುವಿನ ಭಾಗಗಳನ್ನು ಗುರುತಿಸಲಾಯಿತು.

ಒಬ್ಬರು ರೋಗ ಗುರುತಿಸಿದರು, ಮತ್ತೊಬ್ಬರು ಲೆಕ್ಕವಿಟ್ಟರು, ಇನ್ನೊಬ್ಬರು ಕಾರಣ ಹುಡುಕಿದರು. ಯಾರೂ ತಮ್ಮ ಶಾಸ್ತ್ರ ಬಿಡಲಿಲ್ಲ. ಆದರೆ ತಮ್ಮ ಶಾಸ್ತ್ರವೊಂದೇ ಸಾಕು ಎನ್ನಲೂ ಇಲ್ಲ. ಸಂಶೋಧಕರ ಸಮುದಾಯ ಕಟ್ಟುವುದೆಂದರೆ ಇದೇ.

ಇಷ್ಟೆಲ್ಲ ವಿಜ್ಞಾನ ಮರಳಿ ಬಚ್ಚಲುಮನೆಗೇ ಬರಬೇಕು. ಕೆಲವರಿಗೆ ಮಾತ್ರೆ ಬೇಕಾಗುತ್ತದೆ. ಆದರೆ ವೈದ್ಯರು ಆ ಹುಡುಗನ ತಾಯಿಗೆ ಹೇಳುವ ಮೊದಲ ಮಾತು ಬಹಳ ಸರಳ: ‘ನೀರು ಉಗುರುಬೆಚ್ಚಗಿರಲಿ, ತಾಯಿ.’