ನಟರ ರೂಢಿಗಳು: ಉಳಿಸುವವು ಯಾವುವು, ಬಿಡುವವು ಯಾವುವು?
(ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಸೊಸೈಟಿಯ ಬೆಳ್ಳಿ ಹಬ್ಬದಾಗ ನಾಟಕದ ಮಾತ್ಯಾಕ ಅಂತ ಕೆಲವರು ಕೇಳಬಹುದು. ಎರಡೂ ಹತ್ತು ಮಂದಿ ಕೂಡಿದರೇ ನಡೆಯುವ ಕೆಲಸ. ಗುಬ್ಬಿಯಲ್ಲಿ 1884ರಲ್ಲಿ ಕೆಲವರು ಕೂಡಿ ನಾಟಕ ಕಂಪನಿ ಕಟ್ಟಿದರು. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ರೈತರು ಕೂಡಿ ಸಹಕಾರಿ ಸಂಘ ಕಟ್ಟಿದರು.

ನಮ್ಮ ಭಾಲ್ಕಿ, ಔರಾದ ಕಡೆ ಕನ್ನಡ, ಮರಾಠಿ ಎರಡೂ ಮನೆಮಾತು. ನಾಟಕದ ನಂಟೂ ಹಂಗೇ ಅದ. ಕರ್ನಾಟಕದ ಭಾಗವತ ಮೇಳದ ಆಟದಿಂದ ಸ್ಫೂರ್ತಿ ಪಡೆದು ವಿಷ್ಣುದಾಸ ಭಾವೆಯವರು 1843ರಲ್ಲಿ ಸಾಂಗಲಿಯಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಅದಕ್ಕೇ ನಟರ ರೂಢಿಗಳು ಎರಡೂ ಭಾಷೆಯವರಲ್ಲಿ ಬಹಳಷ್ಟು ಒಂದೇ. ಚಪ್ಪಲಿ ಕಳಚಿ ರಂಗ ಏರುವುದು, ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು, ಕಾಯಿ ಒಡೆದು ನಾಂದಿ ಹಾಡುವುದು. ತಾಲೀಮಿನ ಮನೆಯಲ್ಲಿ ಪೇಟಿ ಮಾಸ್ತರರ ಮಾತೇ ಕಡೆಯ ಮಾತು. ಅಲ್ಲಿ ಸಾಹುಕಾರನೂ ಒಂದೇ, ಕೂಲಿಯವನೂ ಒಂದೇ. ಇಂಥ ರೂಢಿ ಉಳಿಯಬೇಕು.

ಇನ್ನು ಬಿಡುವಂಥವು. ಬಣ್ಣ ಹಚ್ಚಿಕೊಂಡ ಮ್ಯಾಲ ‘ಧೈರ್ಯಕ್ಕ’ ಅಂತ ಕುಡಿಯುವುದು ಒಂದು. ಅದಕ್ಕಿಂತ ಕೆಟ್ಟದ್ದು, ಸ್ತ್ರೀ ಪಾತ್ರಕ್ಕೆ ಬಂದ ಕಲಾವಿದೆಯರನ್ನು ನಡೆಸಿಕೊಳ್ಳುವ ರೀತಿ. ಹಿಂದೆ ಗಂಡಸರೇ ಸೀರೆ ಉಡುತ್ತಿದ್ದರು. ಬಾಲಗಂಧರ್ವರು ಅದರಲ್ಲೇ ಹೆಸರಾದರು. ಆಮೇಲೆ ಹೆಣ್ಣುಮಕ್ಕಳು ಧೈರ್ಯದಿಂದ ರಂಗಕ್ಕೆ ಬಂದರು. ಕೌಜಲಗಿ ನಿಂಗಮ್ಮ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಮನೆಮಾತಾದರು. ಆರ್. ನಾಗರತ್ನಮ್ಮನವರು 1958ರಲ್ಲಿ ಮಹಿಳೆಯರದೇ ಮಂಡಳಿ ಕಟ್ಟಿದರು, ಕಂಸನ ಪಾತ್ರವನ್ನೂ ತಾವೇ ಮಾಡಿದರು. ಅಂಥವರ ಹಾದಿಯಲ್ಲಿ ಬಂದವರಿಗೆ ಜಾತ್ರೆಯ ನಾಟಕದಲ್ಲಿ ಸೀಟಿ ಹೊಡೆಯುವುದು, ಬಟ್ಟೆ ಬದಲಿಸಲು ಒಂದು ಹರಕು ಚಾದರ ಕಟ್ಟಿಕೊಡುವುದು, ಬೆಳಗಾದ ಮ್ಯಾಲ ‘ಪಟ್ಟಿ ಇನ್ನೂ ಕೂಡಿಲ್ಲ, ಆಮ್ಯಾಲ ನೋಡೋಣ’ ಅಂತ ಬರಿಗೈಲೆ ಕಳಿಸುವುದು, ಇದನ್ನ ಪರಂಪರೆ ಅಂತಾರೇನ್ರಿ? ಅವರೂ ರಾತ್ರಿಯೆಲ್ಲ ನಿದ್ದೆಗೆಟ್ಟು ದುಡಿದವರು. ಅವರ ಮನೆಯಲ್ಲೂ ಒಲೆ ಉರಿಯಬೇಕು.

ಆದ್ದರಿಂದ ನನ್ನದೊಂದು ಸೂಚನೆ. ನಾಟಕದ ಪಟ್ಟಿ ಹಣ ಯಾರದೋ ಕಿಸೆಯಲ್ಲಿ ಇರುವುದು ಬ್ಯಾಡ. ನಾಟಕ ಕಮಿಟಿಯ ಹೆಸರಿಲೆ ಖಾತೆ ತೆಗೆದು ಅದರಾಗ ಜಮಾ ಮಾಡಿರಿ. ಕಲಾವಿದರ ಸಂಗಡ ಮಾತಾದದ್ದನ್ನು ಕಾಗದದ ಮೇಲೆ ಬರೆಯಿರಿ. ಪರದೆ ಏಳುವ ಮೊದಲೇ ಅವರ ಹಣ ಅವರ ಕೈ ಸೇರಲಿ. ಲೆಕ್ಕವನ್ನು ಸೊಸೈಟಿಯ ಲೆಕ್ಕದಂಗ ಊರ ಮುಂದ ಓದಿ ಹೇಳಿರಿ.

ಬೀದರ ನಗರದ ರಂಗಮಂದಿರಕ್ಕೆ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರ ಹೆಸರಿದೆ. ನಿಜಾಮರ ಕಾಲದಾಗ ಇಲ್ಲಿ ಕನ್ನಡ ಉಳಿಸಿದವರು ಅವರು. ಆ ಹೆಸರಿನ ನೆಲದವರು ನಾವು. ನಮ್ಮೂರ ರಂಗ ಏರಿದ ಯಾವ ಕಲಾವಿದೆಯೂ ಕಣ್ಣೀರು ಒರೆಸಿಕೊಂಡು ಬಸ್ಸು ಹತ್ತಬಾರದು. ನೆಲ ಮುಟ್ಟಿ ನಮಸ್ಕರಿಸುವುದಕ್ಕೆ ಆವಾಗಲೇ ಅರ್ಥ ಬರುತ್ತದೆ.